ಪುಟದ ನೆತ್ತಿಯ ಬೋರ್ಡು

ಅಕ್ಕಲಕೋಟೆಯ ಎಸ್ಟಿ ಸ್ಟ್ಯಾಂಡಿನ ಎದುರಿಗೆ ನನ್ನ ಅಂಗಡಿ.
ಲಗ್ನಪತ್ರಿಕೆ ಮರಾಠಿಯಲ್ಲಿ, ಹೊಲದ ಉತಾರೆ ಮರಾಠಿಯಲ್ಲಿ,
ಪ್ರಿಂಟರಿಗೆ ಬೈಯುವುದು ದಖನಿಯಲ್ಲಿ.
ಕನ್ನಡದ ಕೀಲಿ ಒತ್ತಿ ಬಹಳ ದಿನವಾಗಿತ್ತು,
ಗುರಲಿಂಗಪ್ಪ ತೋಳನೂರೆ ಬರುವತನಕ.

ಮೂವತ್ತೊಂದು ವರ್ಷದ ಕಂಡಕ್ಟರು.
ಚೀಲದಲ್ಲಿ, ಟಿಕೇಟಿನ ಬೆನ್ನಿಗೆ ಬರೆದ ಶಬ್ದಗಳು,
ಅಕ್ಷರಕ್ಕೊಂದು ಕಟ್ಟು, ರಬ್ಬರು ಬಿಗಿದು.
"ಮಂದಿ ಇಳದ ಮ್ಯಾಲೆ ಸೀಟಿನ್ಯಾಗ ಬಿದ್ದಿದ್ದು" ಅಂದರು,
"ಡಿಪೋದಾಗ ಜಮಾ ಮಾಡ್ಲಿಕ್ಕೆ ಕಾಲಮ್ಮಿರಲಿಲ್ಲ."

ಕೋಶದ ಪ್ರತಿ ಪುಟದ ನೆತ್ತಿಗೆ
ಎಡಕ್ಕೆ ಮೊದಲ ಪದ, ಬಲಕ್ಕೆ ಕೊನೆಯ ಪದ ಬೇಕಂತೆ.
"ಗಾಡಿಗೆ ಬೋರ್ಡು ಇದ್ದಂಗ, ತಂಗಿ.
ಎಲ್ಲಿಂದ, ಎಲ್ಲಿಗೆ.
ಬೋರ್ಡಿಲ್ಲದ ಗಾಡಿ ಯಾರು ಹತ್ತತಾರ?"

ಪುಟಕ್ಕೊಂದು ಸೆಕ್ಷನ್ನು ಮುರಿದೆ.
ಹೆಡರಿನಲ್ಲಿ 'ಹಿಂದಿನದಕ್ಕೆ ಜೋಡಿಸು' ಅನ್ನುವ ಗಂಟನ್ನು
ಇನ್ನೂರಾ ಹದಿಮೂರು ಸಲ ಬಿಚ್ಚಿದೆ.
ಒಂದು ಮರೆತರೂ ಕ-ದ ಬೋರ್ಡು ಹೊತ್ತು
ಗ-ದ ಪುಟ ಓಡುತ್ತಿತ್ತು.
ಕಡೆಗೂ ಸರಿಹೋಯಿತು: ಉಂಡಿ – ಉಸಾಬರಿ.
ಕಕ್ಕಲಾತಿ – ಕಡಗೋಲು. ಚಹಾ ತರಿಸಿದೆ.

ಮರುದಿನ ಅಂಗಿಯ ಜೇಬಿಂದ ಒಂದು ಚೀಟಿ.
"ಉಡಿ ಬಿಟ್ಟೇವಲ್ಲ!"
ಉಡಿ ಬಂದು ನಡುವೆ ಕೂತಿತು. ಉಸಾಬರಿಗೆ ಸೀಟಿಲ್ಲದೆ
ಹೊಸ ಪುಟದಲ್ಲಿ ಒಂಟಿಯಾಗಿ ನಿಂತಿತು, ಕೆಳಗೆಲ್ಲ ಬಯಲು.
ಮುಂದಕ್ಕೆ ತಳ್ಳಿದರೆ ಮುಂದಿನವರು, ಅವರ ಮುಂದಿನವರು.
ಅಲ್ಲಿಂದ ಕೆಳಗೆ ಅಷ್ಟೂ ಬೋರ್ಡು ಸುಳ್ಳು.

ಆ ರಾತ್ರಿ ಶಟರು ಅರ್ಧ ಎಳೆದು ಕೂತೆ.
ಸೆಕ್ಷನ್ನುಗಳನ್ನೆಲ್ಲ ಕಿತ್ತುಹಾಕಿದೆ.
ತಲೆಪದಗಳಿಗೆ ಒಂದು ಶೈಲಿ ಹಚ್ಚಿದೆ,
'ಪ್ರವಾಸಿ' ಅಂತ ಅದರ ಹೆಸರು.
ಹೆಡರಿನಲ್ಲಿ ಪದ ಬರೆಯಲಿಲ್ಲ, ಫೀಲ್ಡು ಇಟ್ಟೆ:
ಈ ಪುಟದಲ್ಲಿ ಮೊದಲು ಸಿಕ್ಕ ಪ್ರವಾಸಿಯ ಹೆಸರು ಓದು.
ಬಲಕ್ಕೂ ಅದೇ, ಬಾಲಕ್ಕೊಂದು ಎಲ್ ಅಂಟಿಸಿ:
ಕೆಳಗಿನಿಂದ ಓದು.
ಅಷ್ಟೇ. ಮೂರು ದಿನ ಸವೆದ ಬೆರಳುಗಳ ಎದುರು
ಬರೀ ಎರಡು ಸಾಲು.

ಬೆಳಿಗ್ಗೆ ಅವರ ಕಣ್ಣೆದುರೇ
ಉಡಿಯನ್ನು ತೆಗೆದೆ, ಹಾಕಿದೆ, ತೆಗೆದೆ.
ಬೋರ್ಡು ತಾನಾಗಿ ಬದಲಾಯಿತು, ತಾನಾಗಿ ಹೊಳ್ಳಿತು.
ಕನ್ನಡಕ ಒರೆಸುತ್ತ ಅಂದರು:
"ಅಂದ್ರ ಬೋರ್ಡು ನೋಡಿ ಮಂದಿ ಹತ್ತೂದಲ್ಲ,
ಮಂದೀನ ನೋಡಿ ಬೋರ್ಡು ಬರಕೋತೈತಿ."
ಹೊರಗೆ ದುಧನಿ ಗಾಡಿ ನಿಂತಿತ್ತು, ದೇವನಾಗರಿ ಹಲಗೆ ಹೊತ್ತು.
ಒಳಗೆ ಕಿಟಕಿ ಸೀಟಿಗೆ ಇಬ್ಬರು ಹೆಂಗಸರ ಜಗಳ,
ಅಪ್ಪಟ ಕನ್ನಡದಲ್ಲಿ.
ಇಬ್ಬರೂ ಸುಮ್ಮನೆ ಕೇಳಿದೆವು.

ನೂರಾ ಅರವತ್ತೆರಡನೆಯ ಪುಟದಲ್ಲಿ ಎಡವಟ್ಟು.
ಉದಾಹರಣೆಯ ಸಾಲಿಗೂ ಆ ಶೈಲಿ ಹತ್ತಿಬಿಟ್ಟು
ನೆತ್ತಿಯ ತುಂಬ ಇಡೀ ವಾಕ್ಯ:
ಬುತ್ತಿ ಬಿಚ್ಚಿ ಕರಜಗಿ ಮುದುಕಿ
ನೀನೂ ಒಂದು ತುತ್ತು ತಿನ್ನೊ ಅಂದಳು.
ತೆಗೆಯಹೋದರೆ ಕೈ ಅಡ್ಡ ಹಿಡಿದರು.
"ಇರ್ಲಿ. ಮುಂದಿನ ಸ್ಟಾಪಿಗೆ ಇಳೀತಾಳ."
ಅವರು ಹೋದ ಮೇಲೆ ಸರಿಮಾಡಿದೆ.
ಚಾಲ್ತಿ ಪುಟ ಎಷ್ಟಾದರೂ ನನ್ನ ಹೆಸರಿಗೆ.

ಹ ಮುಗಿದ ಮೇಲೆ ಳ.
ಳ-ದಿಂದ ಸುರುವಾಗುವ ಶಬ್ದ
ಮೂವತ್ತೊಂದು ವರ್ಷದಲ್ಲಿ ಒಂದೂ ಹತ್ತಿರಲಿಲ್ಲ.
ಆದರೂ ಒಂದು ಪುಟ ಬಿಡು ಅಂದರು,
"ಬಂದ್ರ ಕೂಡಾಕ ಬೇಕಲ್ಲ."
ಬಿಟ್ಟೆ. ಫೀಲ್ಡಿಗೆ ಅಲ್ಲಿ ಯಾರೂ ಸಿಗಲಿಲ್ಲ.
ಹಿಂದಕ್ಕೆ ನಡೆದುಹೋಗಿ
ಕೊನೆಗೆ ಇಳಿದವರನ್ನೇ ಕರೆದುಕೊಂಡು ಬಂತು.
ಖಾಲಿ ಪುಟದ ನೆತ್ತಿಯಲ್ಲಿ, ಎಡಕ್ಕೂ ಬಲಕ್ಕೂ:

ಹ್ವಾರೆ – ಹ್ವಾರೆ

ಅರ್ಥ ಹಿಂದಿನ ಪುಟದಲ್ಲಿದೆ:
ಮಾಡಿದಷ್ಟೂ ಉಳಿಯುವ ಕೆಲಸ.