ಗೋಲಿನ ಹಿಂದಿನ ದೀಪ

ನನಗಿದ್ದದ್ದು ಒಂದೇ ಕೆಲಸ.
ಬಲೆಯ ಬೆನ್ನಿಗೆ, ತಂತಿಗೂಡಿನೊಳಗೆ ಕೂತು
ಪಕ್ಕು ಗೆರೆ ದಾಟಿತೆಂದರೆ ಗುಂಡಿ ಒತ್ತುವುದು.
ಕೆಂಪು ದೀಪ ಹತ್ತುತ್ತದೆ, ಊರು ಎದ್ದು ನಿಲ್ಲುತ್ತದೆ.
ಮೂವತ್ತೊಂದು ಚಳಿಗಾಲ ಹೀಗೆ. ಸಂಬಳ ಅಂತೇನಿಲ್ಲ,
ಒಂದು ಸಾಸೇಜು, ಒಂದು ಕಾಫಿ, ಲೆಂಪಿಗೊಂದು ಬಿಟ್ಟಿ ಟಿಕೆಟ್ಟು.
ಅವಳು ಬಂದದ್ದೇ ಇಲ್ಲ.
ಮನೆಯಲ್ಲಿ ಇಲ್ಲದ ಚಳಿ ಅಲ್ಲೇನಿದೆ, ಅನ್ನುತ್ತಿದ್ದಳು.

ಮಕರ್ಸ್ ಅಂದರೆ ಗಣಿಯ ತಳದಲ್ಲಿ
ಸಿಡಿದುಬಿದ್ದ ತಾಮ್ರದ ಬಂಡೆ ಬಾಚುವವರು.
ಅದಕ್ಕಿಂತ ಕೆಳಗಿನ ಕೆಲಸವಿಲ್ಲ, ಎರಡೂ ಅರ್ಥದಲ್ಲಿ.
ಮುಷ್ಕರ ಸೋತ ವರ್ಷ ಕೊಸ್ಕಿ ಹಾರ್ಬರಿನಲ್ಲಿ
ಕೈ ಖಾಲಿ, ಕೊಲ್ಲಿ ಗಟ್ಟಿ.
ತಂಡ ಹುಟ್ಟಿದ್ದು ಹಾಗೆ.
ಪಕ್ಕು, ಕಲ್ಲಾಗಿ ಸೆಟೆದ ಕುದುರೆಲದ್ದಿ;
ಮೊಣಕಾಲಿಗೆ ಕಟ್ಟಿಕೊಂಡದ್ದು
ಕೊಳ್ಳಲಾಗದ ಸಾಮಾನುಗಳ ಕ್ಯಾಟಲಾಗು.
ಗೋಲು ಕಾಯಲು ಮಾಟೆ ಸ್ಟಿಮಾಕ್‌ನನ್ನು ನಿಲ್ಲಿಸಿದರು,
ಅವನಿಗೆ ಸ್ಕೇಟು ಬರುತ್ತಿರಲಿಲ್ಲ ಅಂತ.
ಫಿನ್ನಿಶ್ ಬೈಗುಳ ಕ್ರೊಯೇಶಿಯದವನಿಗೆ ತಿಳಿಯದು,
ಹಾಗಾಗಿ ಜಗಳ ಮಾತಿಗೆ ನಿಲ್ಲದೆ ನೇರ ಕೈಗೆ ಬರುತ್ತಿತ್ತು.
ಆಮೇಲೆ ಕಂಪನಿ ಛಾವಣಿ ಹಾಕಿಸಿಕೊಟ್ಟಿತು,
ಛಾವಣಿಯ ಮೇಲೆ ತನ್ನ ಹೆಸರನ್ನೂ.

ಇನ್ನು ಐವತ್ತೆಂಟರ ಮಾರ್ಚ್.
ಹೇಳಿಬಿಡಬೇಕು. ಶನಿವಾರ ಕೆಡವುವ ಯಂತ್ರ ಬರುತ್ತದೆ.

ಎದುರಿಗೆ ಪೋರ್ಟ್ ಡೆನ್ಬಿ. ಎರಡೆರಡು.
ಮೂರನೆಯ ಹೆಚ್ಚುವರಿ ಆಟ, ಹನ್ನೆರಡು ದಾಟಿತ್ತು,
ಎರಡು ಸಾವಿರ ಜನರ ಉಸಿರು ಐಸಿನ ಮೇಲೆ ಮಂಜಾಗಿ ಕೂತಿತ್ತು.
ಒವಿಲಾ ಗೋದ್ರೋ ಮೂಲೆಯಿಂದ ಬೀಸಿದ.
ಕೋಲು, ಕಾಲು, ಯಾರದೋ ಹಲ್ಲು,
ಅವರ ಹುಡುಗ ವೆಂಡೆಲ್ ಆಸ್ಕೆ ಧಪ್ಪನೆ ಕೂತ.
ನಾನು ಪಕ್ಕು ನೋಡಲಿಲ್ಲ.
ನೋಡಲಿಲ್ಲ.
ಕಣ್ಣಿಗಿಂತ ಮೊದಲು ಹೆಬ್ಬೆರಳಿಗೆ ಆಸೆಯಾಯಿತು.

ಗಣಿಯ ಸೀಟಿ ಕೂಗುತ್ತಿದ್ದದ್ದು ಸಾವಿಗೆ ಮಾತ್ರ.
ಆ ರಾತ್ರಿ ಯಾವನೋ ಓಡಿಹೋಗಿ ಮೂರು ಸಲ ಎಳೆದ.
ಹೆಂಗಸರು ಚಪ್ಪಲಿ ಇಲ್ಲದೆ ಹಿಮಕ್ಕೆ ಬಂದರು,
ಯಾರು, ಯಾರು, ಅಂತ ಒಬ್ಬರ ಮುಖ ಒಬ್ಬರು ನೋಡುತ್ತ.
ಲೆಂಪಿಯೂ ಬಂದಿದ್ದಳು.
ಗೆದ್ದದ್ದಕ್ಕೆ ಅಂತ ತಿಳಿದಾಗ
ನನ್ನ ಕೆನ್ನೆಗೆ ಒಂದು ಬಿಟ್ಟಳು. ಸರಿಯಾಗಿಯೇ ಬಿದ್ದಿತು.

ನಮ್ಮದು ಅಂತ ಇದ್ದ ಕಪ್ಪು ಅದೊಂದೇ.
ಅದರ ಹೆಸರಿನಲ್ಲಿ ಒಂದು ರಸ್ತೆ, ಎರಡು ಹೋಟೆಲು,
ಗೋದ್ರೋಗೆ ಸಾಯುವ ತನಕ ಪುಕ್ಕಟೆ ಬಿಯರು.
ಗಣಿ ಮುಚ್ಚಿದ ಮೇಲೂ ಜನ ಆ ರಾತ್ರಿಯನ್ನೇ
ಸೌದೆಯ ಹಾಗೆ ಒಲೆಗೆ ಹಾಕಿಕೊಂಡರು.
ಲೀಗಿನ ಹೆಸರು ಮೂರು ಸಲ ಬದಲಾಯಿತು,
ಮಾಲೀಕರು ಎಷ್ಟು ಸಲವೋ. ಒಬ್ಬ ದಂತವೈದ್ಯ.
ಒಬ್ಬನಿಗೆ ಕಾರ್ಪೆಟ್ಟಿನ ವ್ಯಾಪಾರ.
ಎಂಬತ್ತಾರರಲ್ಲಿ ತಂಡ ಲೂಸಿಯಾನಕ್ಕೆ ಮಾರಾಟವಾಯಿತು,
ದನದ ಸಂತೆಯ ಶೆಡ್ಡಿನಲ್ಲಿ ಆಡುತ್ತಾರಂತೆ.
ಮಕರ್ಸ್ ಅಂದರೇನು ಅಂತ ಅಲ್ಲಿ ಯಾರಿಗೂ ತಿಳಿಯದೆ
ಎದೆಯ ಮೇಲೆ ಒಂದು ಮೊಸಳೆ ಹೊಲಿಸಿದರು.

ನಿನ್ನೆ ಬೀಗ ತೆಗೆದು ಒಳಗೆ ಹೋದೆ.
ಐಸಿಲ್ಲ. ಮರಳು, ಕೊಳವೆಗಳು, ಯಾರದೋ ದೋಣಿ.
ಬಲೆ ಇದ್ದ ಜಾಗದಲ್ಲಿ ಒಬ್ಬ ಮುದುಕ, ಊರುಗೋಲು.
ಮಾತಿಲ್ಲದೆ ಎಷ್ಟು ಹೊತ್ತೋ ನಿಂತೆವು.
"ನನ್ನ ತೊಡೆಯ ಕೆಳಗಿತ್ತು," ಅಂದ ಆಸ್ಕೆ.
"ಗೆರೆಗೆ ನಾಲ್ಕು ಬೆರಳು ಈಚೆ. ತಣ್ಣಗೆ.
ಒಬ್ಬರೂ ನಂಬಲಿಲ್ಲ, ನನ್ನ ಕೋಚೂ."
ನಾನು ನಂಬುತ್ತೇನೆ, ಅನ್ನಬೇಕಿತ್ತು.
ಗಂಟಲಿನಲ್ಲಿ ಎರಡು ಸಾವಿರ ಜನ ಎದ್ದು ನಿಂತರು,
ಬರಿಗಾಲಿನ ಹೆಂಗಸರೂ.

ಅವನ ಕೈ ಹಿಡಿದು ಗೂಡಿನೊಳಗೆ ಕರೆದೊಯ್ದೆ.
ಸ್ಟೂಲಿನ ಮೇಲೆ ಕೂರಿಸಿದೆ. ಗುಂಡಿ ತೋರಿಸಿದೆ.
ಕರೆಂಟು ಕಿತ್ತು ಎಷ್ಟೋ ವರ್ಷ.
ಆದರೂ ಅವನು ಗೆರೆ ಇದ್ದ ಕಡೆ ದಿಟ್ಟಿಸಿ ನೋಡಿದ,
ತುಂಬಾ ಹೊತ್ತು, ನಾನು ನೋಡಬೇಕಿದ್ದ ಹಾಗೆ.
ಒತ್ತಲಿಲ್ಲ.

ಆಮೇಲೆ, ಇಲ್ಲಿ ಸಾಸೇಜು ಚೆನ್ನಾಗಿರುತ್ತಿತ್ತಲ್ಲ,
ಈಗೆಲ್ಲಿ ಸಿಗುತ್ತದೆ, ಅಂದ.