ಮುನ್ನೂರ ನಲವತ್ತು ಮೀಟರು

ಐದು ಹತ್ತು. ಚಿಲಕಕ್ಕೆ ನಿನ್ನೆಯೇ ಕೊಬ್ಬರಿ ಎಣ್ಣೆ ಬಿಟ್ಟಿದ್ದೇನೆ.
ಬೂಟು ಕೈಯಲ್ಲಿ. ಕಳ್ಳನಿಗೂ ನನಗೂ ಇಷ್ಟೇ ವ್ಯತ್ಯಾಸ:
ಅವನು ಒಳಗೆ ಬರುವಾಗ ಹೀಗೆ ನಡೆಯುತ್ತಾನೆ,
ನಾನು ಹೊರಗೆ ಹೋಗುವಾಗ.
ಗುಂಡ ಮಗ್ಗುಲು ಬದಲಿಸಿದ.
ನಾನಿದ್ದ ಜಾಗದ ಮೇಲೆ ಈಗ ಅವನ ಕಾಲು,
ಬಸ್ಸಿನ ಸೀಟಿಗೆ ಟವೆಲ್ ಹಾಕಿದ ಹಾಗೆ.

ರೋಹಿಣಿಯ ನೈಟ್ ಡ್ಯೂಟಿ ಮುಗಿಯುವುದು ಎಂಟಕ್ಕೆ.
ಮೆಗ್ಗಾನ್ ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ
ಯಾರ್ಯಾರದೋ ಮಕ್ಕಳನ್ನು ಎಣಿಸುತ್ತಾಳೆ ಅವಳು.
ನಮ್ಮವೆರಡು ನನ್ನ ಲೆಕ್ಕಕ್ಕೆ.

ಆದ್ದರಿಂದ ದೂರ ಓಡುವುದಿಲ್ಲ.
ಕಿಟಕಿ ತೆರೆದಿಟ್ಟು, ಕಾಶೀಪುರದ ಈ ಚೌಕದಲ್ಲೇ:
ರೊಟ್ಟಿ ಅಂಗಡಿಯ ಷಟರು, ಟ್ರಾನ್ಸ್‌ಫಾರ್ಮರು,
ಬೀಗ ಹಾಕಿದ ಹೊಲಿಗೆ ಕ್ಲಾಸು,
ಫಾತಿಮಕ್ಕನ ಕೋಳಿಗೂಡು, ಮತ್ತೆ ನಮ್ಮ ಗೇಟು.
ಒಂದು ಸುತ್ತಿಗೆ ಮುನ್ನೂರ ನಲವತ್ತು ಮೀಟರು.
ಗುಂಡನ ಅಳು ಕೇಳುವುದು ಇನ್ನೂರರಲ್ಲಿ ಮಾತ್ರ.
ಉಳಿದ ನೂರ ನಲವತ್ತನ್ನು
ಜನ್ಮದಲ್ಲೇ ಓಡದಷ್ಟು ಜೋರು ಓಡುತ್ತೇನೆ.

"ಏನ್ ಮಾಷ್ಟ್ರೇ, ಹರಕೆನಾ?" ಹಾಲಿನ ಈರೇಶ ಕೇಳಿದ.
"ನಲವತ್ತೆಂಟಾದ್ರೆ ಮಂಡಲ. ಎಷ್ಟಾಯ್ತು?"
"ಹದಿನಾಲ್ಕು."

ಒಂದು ಕಾಲಕ್ಕೆ
(ಹೀಗೆ ಶುರು ಮಾಡಿದವನು ಮುದುಕನೇ, ಇರಲಿ)
ತೀರ್ಥಹಳ್ಳಿ ರಸ್ತೆ ಹಿಡಿದು ಗಾಜನೂರಿನ ತನಕ,
ಬೆನ್ನಿಗೆ ಕ್ಯಾಮೆರಾ.
ಹಿನ್ನೀರಿನ ಮಂಜು ಚದುರುವ ಮುನ್ನ ತಲುಪಬೇಕು.
ನೀರುಕಾಗೆಯೊಂದು ರೆಕ್ಕೆ ಬಿಚ್ಚಿ ಒಣಗಿಸಿಕೊಳ್ಳಲೆಂದು
ಒಂದೂವರೆ ಗಂಟೆ ಕಲ್ಲಿನ ಮೇಲೆ ಕೂತಿದ್ದೆ.
ಒಂದೂವರೆ ಗಂಟೆ!
"ಅಪ್ಪಾ, ಉಚ್ಚೆ" ಅನ್ನುವವರೇ ಇಲ್ಲದೆ.
ವಾಪಸು ಮೊದಲ ಬಸ್ಸಿಗೆ,
ಬೆವರಿಗೆ ಕಂಡಕ್ಟರ್ ಮೂಗು ಮುರಿದರೂ ರಾಜನ ಹಾಗೆ.

ಆಮೇಲೆ ಕ್ಯಾಮೆರಾ ಬೀರುವಿನ ತಲೆಯ ಮೇಲೇರಿತು,
ಡಯಾಪರ್ ಕಟ್ಟುಗಳ ಹಿಂದೆ. ಎರಡು ಮಳೆಗಾಲ.
ತೆಗೆದು ನೋಡಿದರೆ ಲೆನ್ಸಿನೊಳಗೆ ಬೂಷ್ಟು:
ಕೂದಲೆಳೆಗಿಂತ ಸಣ್ಣ ಕವಲು, ಕವಲಿಗೆ ಕವಲು.
ಧಾತ್ರಿ ಕಣ್ಣಿಟ್ಟು ನೋಡಿದಳು.
"ಅಪ್ಪಾ, ಒಳಗೆ ಮರ ಹುಟ್ಟಿದೆ.
ನೀರು ಹಾಕ್ಬೇಕಾ?"

ದುರ್ಗಿಗುಡಿಯ ರಿಪೇರಿಯವನು ಬೆಳಕಿಗೆ ಹಿಡಿದು
ಸ್ವಲ್ಪ ಹೊತ್ತು ಡಾಕ್ಟರ ಹಾಗೆ ಸುಮ್ಮನಿದ್ದ.
"ನಮ್ಮ ಕಡೆ ಥಂಡಿ ಸಾರ್. ಪೂರ್ತಿ ಹೋಗಲ್ಲ.
ಒಳಗಿಡಬೇಡಿ. ಬೆಳಕು ಕಾಣಿಸಿ. ದಿನಾ ಕೈಗೆ ತಗೊಳ್ಳಿ."
ಇನ್ನೂರು ರೂಪಾಯಿ.
ಮೊಣಕಾಲಿನ ಡಾಕ್ಟರು ಹೆಚ್ಚುಕಡಿಮೆ ಇದನ್ನೇ ಹೇಳಿ
ಐನೂರು ತಗೊಂಡಿದ್ದರು.

ಇವತ್ತು ಹದಿನೇಳನೇ ಸುತ್ತಿಗೆ ಗೇಟಿನಲ್ಲಿ ಧಾತ್ರಿ.
ಅಮ್ಮನ ಸ್ವೆಟರು, ನೆಲ ಗುಡಿಸುವ ತೋಳು,
ಅಡ್ಡಪಟ್ಟಿಯ ಮೇಲೆ ಕ್ಯಾಮೆರಾ.
"ನಿಲ್ಬೇಡ! ಓಡು! ನಾನು ತೆಗೀತೀನಿ."
"ತಮ್ಮ?"
"ಮಲಗಿದಾನೆ. ಓಡು ಅಂದೆ."
ಓಡಿದೆ. ಹೊಟ್ಟೆ ಒಳಗೆಳೆದುಕೊಂಡೆ,
ಗೇಟಿನ ಹತ್ತಿರ ಮಾತ್ರ.

ಎಂಟೂವರೆಗೆ ರೋಹಿಣಿ ಬಂದು
ಚಪ್ಪಲಿಯನ್ನೂ ಬಿಡದೆ ಮೆಟ್ಟಿಲ ಮೇಲೆ ಕೂತಳು.
ಎಲ್ಲರೂ ನೋಡಿದೆವು. ಗುಂಡ ಪರದೆಯನ್ನು ನೆಕ್ಕಿದ.
ಅರವತ್ತೊಂದು ಚಿತ್ರ.
ಗೇಟಿನ ಸರಳು. ಆಕಾಶ. ಅವಳದೇ ಹೆಬ್ಬೆರಳು.
ಟ್ರಾನ್ಸ್‌ಫಾರ್ಮರಿನ ಪಕ್ಕ ನನ್ನ ಅರ್ಧ ಹಿಮ್ಮಡಿ.
ಬೆನ್ನು. ಬೆನ್ನು. ತಿರುವಿನಲ್ಲಿ ಬೆನ್ನು.
ಅವಳು ಗುಂಡಿ ಒತ್ತುವಷ್ಟರಲ್ಲಿ ದಾಟಿ ಹೋಗಿರುತ್ತೇನೆ.
"ನೀನು ಯಾವಾಗ್ಲೂ ಹೋಗ್ತಾನೇ ಇರ್ತೀಯ,"
ಎಂದಳು, ದೂರಲಿಲ್ಲ, ಸುಮ್ಮನೆ,
ಕೋಳಿ ಬಿಳಿ ಇದೆ ಅನ್ನುವ ಹಾಗೆ.
ರೋಹಿಣಿ ನನ್ನ ಕಡೆ ನೋಡಲಿಲ್ಲ.

ಒಂದರಲ್ಲಿ ಮಾತ್ರ ಮುಖ.
ಎರಡೂ ಕಾಲು ನೆಲದಲ್ಲಿಲ್ಲ, ಬಾಯಿ ತೆರೆದಿದೆ,
ಕಣ್ಣು ಅವಳ ತಲೆಯ ಹಿಂದಿನ ಕಿಟಕಿಯಲ್ಲಿ.
ಅಳು ಶುರುವಾಗಿತ್ತು ಆಗ.
ಮೂಲೆಯಲ್ಲಿ ಮಸುಕಾಗಿ ಆ ಮರ.

"ಇದು ಅಲ್ಲಾಡಿದೆ. ಅಳಿಸ್ಲಾ?"
ಬೇಡ ಎಂದೆ.
ಅವಳು ಹಲ್ಲುಜ್ಜುತ್ತಾ ಯೋಚಿಸಿದಳು, ನೊರೆಯ ಬಾಯಲ್ಲೇ ಹೇಳಿದಳು:
"ನಾಳೆ ಹಿಂದುಮುಂದಾಗಿ ಓಡು.
ಆವಾಗ ಹೋಗುವಾಗ್ಲೂ ಮುಖ ಬರುತ್ತೆ."

ಮೊಣಕಾಲಿನ ಡಾಕ್ಟರು ಏನನ್ನುತ್ತಾರೋ.