ಬೆರಳಡಿಯ ಹೆಸರು

ಮೊದಲು ಊರಿನ ಹೆಸರೇ ಸಿಗಲಿಲ್ಲ.
ಚಿಕ್ಕಮಗಳೂರು ಎಂದು ಕೊಟ್ಟರೆ ಸೊನ್ನೆ.
ಸಾಹೇಬರ ನಾಲಗೆಗೆ ಒಗ್ಗುವ ಹಾಗೆ ಮೊಟಕಿಸಿ
ಚಿಕ್ಮಗ್ಲೂರ್ ಎಂದರೆ ಮೂರು ಕಡತ, ಮೂರೂ ಮಳೆಯ ಲೆಕ್ಕ.
ಆಗಿನದು ಕಡೂರು ಜಿಲ್ಲೆ ಅಲ್ಲವೇ ಎಂದು ಹೊಳೆದದ್ದು
ರಾತ್ರಿ ಹನ್ನೊಂದೂವರೆಗೆ, ಹಲ್ಲುಜ್ಜುವಾಗ.
ನೊರೆಬಾಯಲ್ಲೇ ಬಂದು ಕೂತೆ.

ಕ್ಯೂರಿಂಗ್ ವರ್ಕ್ಸಿನ ಬಟವಾಡೆ ಪುಸ್ತಕ, ಮೂವತ್ನಾಲ್ಕನೇ ಇಸವಿ.
ನಾನೂರಾರು ಪುಟ. ಇಳಿಯುವಷ್ಟರಲ್ಲಿ
ಎರಡು ಸಲ ಕರೆಂಟು ಹೋಗಿ ಬಂತು.

ಕಪ್ಪುಬೀಜ, ಒಡಕುಬೀಜ, ಹುಳ ಹಿಡಿದದ್ದು ಬೇರೆ ಮಾಡುತ್ತ
ಅಮ್ಮನ ಅಜ್ಜಿ ಪುಟ್ಟೀರಿ ಆ ಉದ್ದನೆ ಷೆಡ್ಡಿನಲ್ಲಿ
ಕಾಲು ಮಡಿಸಿ ಕೂತಿದ್ದಳಂತೆ, ಹನ್ನೊಂದು ಸುಗ್ಗಿ.
ಷೆಡ್ಡಿನ ಜಾಗದಲ್ಲಿ ಈಗ ಕಲ್ಯಾಣಮಂಟಪ,
ನಾನೂ ಅಲ್ಲಿ ಉಂಡಿದ್ದೇನೆ.
ಮನೆಯಲ್ಲಿ ಉಳಿದದ್ದು ಇಷ್ಟೇ: ಕುಡುಗೋಲು ತಾಗಿ
ಅವಳ ಎಡ ಹೆಬ್ಬೆಟ್ಟು ಓರೆಯಾಗಿ ಸೀಳಿತ್ತು.
ಫೋಟೋ ಇಲ್ಲ, ಸೀರೆಯ ಚೂರಿಲ್ಲ; ಅಮ್ಮ ತನ್ನ ಬೆರಳ ಮೇಲೆ
ಉಗುರಿನಿಂದ ಗೀರಿ ತೋರಿಸುತ್ತಿದ್ದ ಗೆರೆ.

ಈಗ ನಾನೂ ಆರಿಸುವವಳೇ. ಮೊರದ ಬದಲು ಮೌಸು.
ಹಾಲಮ್ಮ, ಬೀಬಿಜಾನ್, ಗಿಡ್ಡೀರಮ್ಮ, ಮತ್ತೊಬ್ಬಳು ಹಾಲಮ್ಮ,
ಎರಡಾಣೆ, ಎರಡಾಣೆ, ಗೈರುಹಾಜರು, ಎರಡಾಣೆ.
ಗುಮಾಸ್ತನ ಅಕ್ಷರಕ್ಕೆ ಮನೆಗೆ ಹೋಗುವ ಅವಸರ.
ಪ್ರತಿ ಹೆಸರಿನ ಮುಂದೆ ಒಂದು ಹೆಬ್ಬೆಟ್ಟು,
ಕೊಯ್ದ ಮರದ ಸುತ್ತುಗಳ ಹಾಗೆ.

ಪುಟ ಇನ್ನೂರ ಹನ್ನೆರಡು. ಎಡದಂಚಿನಲ್ಲಿ
ಗುಲಾಬಿ ರಬ್ಬರು ತೊಟ್ಟ ಬೆರಳು.
ಪುಟ ಒತ್ತಿ ಹಿಡಿದ ಯಾರೋ, ಪುಟಕ್ಕಿಷ್ಟು ಪೈಸೆಯವಳು,
ದೀಪ ಹಾಯುವ ಮೊದಲು ಕೈ ತೆಗೆಯಲು ಮರೆತಿದ್ದಾಳೆ.
ಬೆರಳಡಿಯಲ್ಲಿ ಒಂದು ಹೆಸರು.
ಕೆಳಗೆ ಇಣುಕುವುದು ಒಂದು ಒತ್ತಕ್ಷರದ ಬಾಲ;
ಉಗುರಿನಾಚೆ ‘ರಿ’ ಇದ್ದರೂ ಇರಬಹುದು.
ಅದರ ಮುಂದಿನ ಹೆಬ್ಬೆಟ್ಟಿನಲ್ಲಿ
ಓರೆಗೆರೆ.

ಕೂಗಿದೆನೇನೋ. ಪಕ್ಕದ ಮನೆ ನಾಯಿ ಬೊಗಳಿತು.

ದೊಡ್ಡದು ಮಾಡಿದೆ. ಇನ್ನೂ ದೊಡ್ಡದು.
ಗೆರೆ ಮೆಟ್ಟಿಲಾಯಿತು, ಮೆಟ್ಟಿಲು ಚೌಕವಾಯಿತು,
ಚೌಕದೊಳಗೆ ಬೂದಿಬಣ್ಣ, ಅಷ್ಟೆ.
ಗಾಯವೋ, ಕಾಗದದ ಮಡಿಕೆಯೋ, ಗಾಜಿಗಂಟಿದ ಕೂದಲೋ?
ಕೂದಲಾದರೆ ಮುಂದಿನ ಪುಟದಲ್ಲೂ
ಅದೇ ಜಾಗದಲ್ಲಿ ಇರುತ್ತದೆ. ನೋಡಬೇಕು.
ಹುಡುಗರಿಗೆ ಕ್ಲಾಸಿನಲ್ಲಿ ಹೇಳುವುದು ನಾನೇ.

ರಾತ್ರಿಯಿಡೀ ನೋಡಲಿಲ್ಲ.

ಬೆಳಿಗ್ಗೆ ಅಮ್ಮ ಕನ್ನಡಕ ಏರಿಸಿ
ಬಹಳ ಹೊತ್ತು ಬಗ್ಗಿ ನಿಂತಳು. ನೋಡಿದ್ದು ಗೆರೆಯನ್ನಲ್ಲ.
‘ಈ ರಬ್ಬರಿನವಳು ಯಾರೇ?’ ಅಂದಳು.
ಗೊತ್ತಿಲ್ಲ ಅಂದೆ.
ಕಾಫಿ ಆರುತ್ತಿತ್ತು.
ಮುಂದಿನ ಪುಟ ಒತ್ತಿದೆ.